ಮಾರ್ಥಾಳನ್ನು ಬೇರೆ ಕರೆದು ಕೇಳಿದ್ದು

ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಾದ ದೇವೇಂದ್ರಪ್ಪನವರೇ, ಮುಖ್ಯ ಅತಿಥಿಗಳೂ ಇವತ್ತಿನ ಊಟದ ದಾನಿಗಳೂ ಆದ ಬಿಲ್ಡರ್ ರುದ್ರೇಶ್ ಅವರೇ, ಈ ಹಳೆಯ ಕಟ್ಟಡದ ಸಮಸ್ತ ಸಭಿಕರೇ,

ಅಮೆರಿಕದ ಒಂದು ಕುಟುಂಬದ ಚರಿತ್ರೆ ಹುಡುಕಿದ್ದಕ್ಕೆ ಬೆಂಗಳೂರಿನ ವಿಜಯನಗರದಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಆ ಕುಟುಂಬಕ್ಕೆ ಇದು ಗೊತ್ತಾಗುವ ಸಂಭವವಿಲ್ಲ. ಆದರೂ ಅವರ ಪರವಾಗಿ ವಂದನೆಗಳು. ಭಾಷಣದ ನಂತರ ಈ ಕಟ್ಟಡ ಕೆಡವಿ ಹೊಸದು ಕಟ್ಟುವ ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಬೇಕು, ಬೇಗ ಮುಗಿಸಿ ಎಂದಿದ್ದಾರೆ ಅಧ್ಯಕ್ಷರು. ಮುಗಿಸುತ್ತೇನೆ.

ನನ್ನ ಹೆಂಡತಿ ಸುವರ್ಣಾ ತೀರಿಕೊಂಡ ಮೇಲೆ ಒಂದು ಕೋಣೆಯನ್ನು ಲಾ ಓದುವ ಗುರುದೇವಿಗೆ ಬಾಡಿಗೆಗೆ ಕೊಟ್ಟೆ. ಬಾಗಲಕೋಟೆಯವಳು. ಅಮೆರಿಕದ ಹಳೆಯ ಜಮೀನು ಪತ್ರ, ಕೋರ್ಟಿನ ದಾಖಲೆಗಳನ್ನು ಓದಿ ಟೈಪ್ ಮಾಡಿಕೊಡುವ ಕೆಲಸ ಹಿಡಿದಿದ್ದಳು. “ಅಜ್ಜಾರ, ಇರುವಿ ಸಾಲು ಹೋದಂಗ ಬರದಾರ್ರಿ, ನೀವರ ನೋಡ್ರಿ” ಅಂದಳು. ನೋಡಿದೆ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಧ ಮರೆತಿದ್ದೇನೆ. ಪುಣ್ಯಕ್ಕೆ ಅಲ್ಲಿಯ ಗುಮಾಸ್ತರು ಉಳಿದರ್ಧದಲ್ಲೇ ಬರೆದಿದ್ದರು.

ಕೆಂಟಕಿಯ ಕಾಡಂಚು. ನಮ್ಮಲ್ಲಿ ಟಿಪ್ಪುವಿನ ಕಾಲ ಎಂದುಕೊಳ್ಳಿ. ಜೋಸೆಫ್ ಟ್ಯಾನರ್, ಅವನ ಹೆಂಡತಿ ಮಾರ್ಥಾ. ಚೆಕ್ಕುಬಂದಿ ನಮ್ಮ ಹಾಗೆಯೇ: ಪೂರ್ವಕ್ಕೆ ಓಕ್ ಮರ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಜಗಳಗಂಟ ನೆರೆಯವನು. ಜಮೀನು ಮಾರಿ ಇನ್ನೂ ಪಶ್ಚಿಮಕ್ಕೆ ಹೋಗೋಣವೆಂದ ಜೋಸೆಫ್. ಆದರೆ ಅಲ್ಲೊಂದು ಪದ್ಧತಿ. ಹೆಂಡತಿಗೂ ಹಕ್ಕಿದ್ದುದರಿಂದ, ಕೋರ್ಟಿನವರು ಗಂಡನಿಗೆ ಕೇಳಿಸದ ಕಡೆ ಅವಳೊಬ್ಬಳನ್ನೇ ಕರೆದು, ಮನಸಾರೆ ಒಪ್ಪಿದ್ದೀಯಾ ಎಂದು ಕೇಳಬೇಕು. ಪ್ರಿವಿಲಿ ಅಂಡ್ ಅಪಾರ್ಟ್, ಅಂದರೆ ಗುಟ್ಟಾಗಿ, ಬೇರೆಯಾಗಿ! ಎಂಥ ಇಂಗ್ಲಿಷ್! ಪುಟಪುಟದಲ್ಲೂ ಹೆಂಗಸರು ಒಪ್ಪಿದ್ದಾರೆ. ಮಾರ್ಥಾಳ ಪುಟದಲ್ಲಿ ಮಾತ್ರ, ಒಪ್ಪುವುದಿಲ್ಲ.

ಕೊಳ್ಳುವವನು ಹಿಂದೆ ಸರಿದ. ಜೋಸೆಫ್ ಒಬ್ಬನೇ ಹೊರಟ. ಆಮೇಲೆ ಅವನು ಯಾವ ದಾಖಲೆಯಲ್ಲೂ ಇಲ್ಲ. ನೆರೆಯವನ ಹಂದಿ ಜೋಳಕ್ಕೆ ನುಗ್ಗಿದ ಮೊಕದ್ದಮೆಯಲ್ಲಿ ಮಾರ್ಥಾ ಇದ್ದಾಳೆ. ದಾರಿಯ ತಗಾದೆಯಲ್ಲಿ ಮಾರ್ಥಾ. ಮೊಮ್ಮಕ್ಕಳ ವಿಭಾಗ ಪತ್ರದಲ್ಲೂ ಅದೇ ಓಕ್ ಮರ.

ನಮ್ಮ ಸುವರ್ಣಾ ಒಂದು ದಿನವೂ ಬೇಡ ಎಂದವಳಲ್ಲ. ರಾಜಾಜಿನಗರದ ಮನೆ ಮಾರೋಣವಾ ಅಂದೆ, “ನಿಮ್ಮಿಷ್ಟ” ಅಂದಳು. ಇಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂದೆ, “ನಿಮ್ಮಿಷ್ಟ ಅಂದ್ನಲ್ಲ.” ಎಂಥ ಹೊಂದಾಣಿಕೆ! ಮಂಡಿನೋವಿದ್ದರೂ ತುಳಸಿ ಕುಂಡವನ್ನು ತಾನೇ ಹೊತ್ತು ಮೇಲೆ ತಂದಳು. ನಾನೇನು ಕೇಳದೆ ಮಾಡಿದವನಲ್ಲ. ಪಕ್ಕದಲ್ಲೇ ನಿಂತು ಕೇಳಿದ್ದೆ. ಯಾವಾಗಲೂ ಪಕ್ಕದಲ್ಲೇ ನಿಂತು ಕೇಳಿದ್ದೆ.

ಇರಲಿ. ಮೊನ್ನೆಯ ಮೀಟಿಂಗಿನಲ್ಲಿ ನಮ್ಮ ವೆಂಕಟಸ್ವಾಮಿಗಳು, “ಮನೆಯವ್ರನ್ನ ಏನ್ ಕೇಳೋದು ಸಾರ್, ನಾನ್ ಹೂಂ ಅಂದ್ರೆ ಅವ್ಳೂ ಹೂಂ” ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ರಾಮಮ್ಮನವರು ಫ್ಯಾನು ನೋಡುತ್ತಿದ್ದರು. ಮನೆಗಳೆಲ್ಲ ಗಂಡ ಹೆಂಡಿರ ಜಂಟಿ ಹೆಸರಿನಲ್ಲಿವೆ. ಕೆಡವಿದರೆ ಹೊಸದು ಏಳುವ ತನಕ ಕೆಂಗೇರಿಯ ಬಾಡಿಗೆ ಮನೆಗೆ ಸಂಸಾರ ಹೊತ್ತು, ಮತ್ತೆ ಇಲ್ಲಿಗೆ ಹೊತ್ತು ತರುವವರು ಯಾರು? ಅಧ್ಯಕ್ಷರೇ?

ಆದ್ದರಿಂದ ಗುರುದೇವಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದೇನೆ. ಸಹಿಗೆ ಮುಂಚೆ ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ಬಾಗಿಲು ಹಾಕಿಕೊಂಡು, ಹೌದೋ ಅಲ್ಲವೋ ಹೇಳಿ ಬರಲಿ. ಕಾರಣ ಹೇಳಬೇಕಾಗಿಲ್ಲ. ಮಾರ್ಥಾ ಕೂಡ ಹೇಳಿರಲಿಲ್ಲ.

ಓ, ರಾಮಮ್ಮನವರು ಎದ್ದರು. ವೆಂಕಟಸ್ವಾಮಿಗಳೇ, ನೀವು ಕೂತಿರಿ. ಅಧ್ಯಕ್ಷರೇ, ತಮ್ಮ ಮನೆಯವರೂ ಎದ್ದಿದ್ದಾರೆ, ಗಮನಕ್ಕೆ ತಂದೆ. ರುದ್ರೇಶ್ ಅವರೇ, ಪೆನ್ನಿನ ಕ್ಯಾಪ್ ಹಾಕಿಕೊಳ್ಳಿ, ಸಾಲು ಉದ್ದವಿದೆ. ಇಷ್ಟು ಹೊತ್ತು ಕೂತು ಕೇಳಿದ ಗಂಡಸರಿಗೆಲ್ಲ ಧನ್ಯವಾದಗಳು. ಇನ್ನೂ ಸ್ವಲ್ಪ ಹೊತ್ತು ಕೂತಿರಬೇಕಾಗುತ್ತದೆ. ನಮಸ್ಕಾರ.