ಮಹಾನಂದಕ್ಕನ ಬಾಡಿಗಿ ಆಫೀಸು

ಕಲಘಟಗಿ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಪಕ್ಕ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

“ಮಹಾನಂದಕ್ಕ, ಕೊರೊನಾ ಮುಗದ ಮ್ಯಾಲೆ ನಿನ್ನ ಬಾಡಿಗಿ ಆಫೀಸಿನ ಕುರ್ಚಿ ಖಾಲಿ ಬೀಳ್ತಾವ ಅಂದಿದ್ದೆ ನಾ.”

“ಅಂದಿದ್ದಿ ನೀಲಕ್ಕ, ಸಂತ್ಯಾಗ ನಿಂತು.”

“ಈಗ?”

“ಹದಿನಾಲ್ಕು ಮಂದಿ, ಬ್ಯಾರೆ ಬ್ಯಾರೆ ಕಂಪನಿಯವರು, ಕುರ್ಚಿ ಬಾಡಿಗಿ ಹಿಡದು ಕೆಲಸಾ ಮಾಡ್ತಾರ. ಹುಬ್ಬಳ್ಳಿಯಿಂದನೂ ಬರ್ತಾರ.”

“ಅಲ್ಲೆ ಇಂಥ ಆಫೀಸು ಇಲ್ಲೇನು?”

“ಅದಾವ. ತೊಟ್ಟಿಲಾ ಇಲ್ಲ.”

“ಆಫೀಸಿನ್ಯಾಗ ತೊಟ್ಟಿಲಾ?”

“ನಮ್ಮೂರ ಬಣ್ಣದ ತೊಟ್ಟಿಲಾ, ನಾಕು. ತಾಯಂದ್ರು ಕೆಲಸಾ ಮಾಡ್ತಾರ, ನಾ ತೂಗ್ತೀನಿ.”

“ಖಾಲಿ ತೊಟ್ಟಿಲಾ ತೂಗಬಾರದು, ನೆನಪಿಟ್ಕೋ.”

“ಖಾಲಿ ಯಾವಾಗ ಇರ್ತಾವ?”

ಹುಬ್ಬಳ್ಳಿಯಿಂದ ಬಸ್ಸು ಬಂತು, ಇಲ್ಲಿಂದಲೇ ತಿರುಗಿ ಹೋಗುವಂಥದು. ಲ್ಯಾಪ್‌ಟಾಪ್ ಚೀಲ, ಕೂಸು ಎರಡನ್ನೂ ಹೊತ್ತ ಮೂವರು ತಾಯಂದಿರು ಇಳಿದರು. ಮಹಾನಂದಕ್ಕ ಎರಡು ಕೂಸುಗಳನ್ನು ಎತ್ತಿಕೊಂಡರು.

“ಮೂರನೇದು ನೀ ಹಿಡಿ, ನೀಲಕ್ಕ. ನನಗಿರೂವು ಎರಡ ಕೈ.”

ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ನನ್ನಂತೆಯೇ ಈ ಬಸ್ಸಿಗೆ ಕಾದಿದ್ದ ನೀಲಕ್ಕ ಬಸ್ಸು ಹತ್ತಿರಲಿಲ್ಲ, ಕೂಸನ್ನು ಎದೆಗೊತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದಿದ್ದರು.