ಅಕ್ಕ ಹಿಡಿದಿಟ್ಟ ಸೀಟು

ಕಾಲೇಜಿನ ನೋಂದಣಿ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗಿ ಕಿಟಕಿಗೆ ಬಾಗಿದಳು. ಗುಮಾಸ್ತರು ತಲೆಯಾಡಿಸಿದರು.

“ಖಗೋಳಶಾಸ್ತ್ರದ ಕ್ಲಾಸ್ ಭರ್ತಿಯಾಗಿದೆಯಮ್ಮ.”

“ಅಕ್ಕ ಒಂದು ಸೀಟು ಹಿಡಿದಿಟ್ಟಿದ್ದಾಳೆ ಸರ್. ಕೊನೇ ವರ್ಷದವರಿಗೆ ಮೊದಲ ಸರದಿ ಅಲ್ವಾ. ನಿನ್ನ ಸರದಿ ಬಂದಾಗ ಬಿಟ್ಟುಕೊಡ್ತೀನಿ ಅಂದಿದ್ಲು.”

ಅವಳು ಹೇಳಿದ ಅಕ್ಕನ ಹೆಸರನ್ನು ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿದರು.

“ಹೌದು, ಹೆಸರಿದೆ. ಅವಳನ್ನ ಕರ್ಕೊಂಡು ಬಾ.”

“ರಜೆಯಲ್ಲಿ ತೀರಿಕೊಂಡ್ಲು.”

ಗುಮಾಸ್ತರ ಕೈ ಕೀಲಿಮಣೆಯ ಮೇಲೆ ನಿಂತಿತು.

“ನಾನೇ ಹೆಸರು ತೆಗೀತೀನಿ. ಸೀಟು ನಿನಗೇ.”

“ತೆಗೀದೆ ಹೋದ್ರೆ, ಹಾಜರಿ ಕೂಗುವಾಗ ಅವಳ ಹೆಸರು ಕೂಗ್ತಾರಾ?”

“ಕೂಗ್ತಾರೆ. ಮೇಷ್ಟ್ರಿಗೆ ಗೊತ್ತಾಗೋವರೆಗೆ.”

“ಹಾಗಾದ್ರೆ ಇರ್ಲಿ ಬಿಡಿ ಸರ್. ಮನೇಲಿ ಯಾರೂ ಅವಳ ಹೆಸರೆತ್ತಲ್ಲ. ನಾನು ಬಾಗಿಲಾಚೆ ನಿಂತು ಕೇಳಿಸ್ಕೊಳ್ತೀನಿ.”

ಅವಳು ಸಾಲು ಬಿಟ್ಟು ಹೋದಳು. ಗುಮಾಸ್ತರು ಆ ಹೆಸರನ್ನು ಹಾಗೇ ಉಳಿಸಿ, ನನ್ನನ್ನು ಕರೆದರು.