ಜ್ವರ ನೋಡಲು ಎರಡು ಗ್ಲೌಸ್

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರಿದ್ದರು. ಕೇಳಬಾರದೆಂದರೂ ಕಿವಿಗೆ ಬಾಗಿಲಿಲ್ಲವಲ್ಲ. ಮಾದಕ ವ್ಯಸನಿ ರೋಗಿಗಳ ಬಗ್ಗೆ ಇವರ ಮನೋಭಾವ ಅಳೆಯಲು ಕಾಲೇಜು ‘ಒಪ್ಪುತ್ತೀರಾ, ಇಲ್ಲವಾ’ ಎಂದು ಕೇಳುವ ಪ್ರಶ್ನಾವಳಿ ಕೊಟ್ಟಿತ್ತಂತೆ.

“ಎಲ್ಲದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಅಂತ ಗೀಚಿ ಬಂದೆ ಕಣೇ,” ಎಂದಳು ಜಡೆಯವಳು.

“ಅವರನ್ನೂ ಬೇರೆಯವರ ಹಾಗೇ ನೋಡ್ತೀನಿ ಅನ್ನೋದಕ್ಕೂ?” ಎಂದಳು ಕನ್ನಡಕದವಳು.

“ಮತ್ತೆ? ಮೇಡಂ ಹತ್ರ ಬೈಸ್ಕೊಳ್ಳಲಾ?”

“ನಿನ್ನೆ ಮೂಲೆ ಹಾಸಿಗೆಯವನ ಜ್ವರ ನೋಡೋಕೆ ನೀನು ಒಂದರ ಮೇಲೊಂದು ಎರಡು ಗ್ಲೌಸ್ ಹಾಕ್ಕೊಂಡೆ.”

“ಸೂಜಿ ಚುಚ್ಕೊಳ್ಳೋ ಗಿರಾಕಿ ಅವನು! ನಿಂಗ್ಯಾಕೆ ಉರಿ? ಒಡಹುಟ್ಟಿದವನಾ?”

“ಹೌದು. ಅಣ್ಣ.”

ಜಡೆಯವಳು ಕೈಯಲ್ಲಿದ್ದ ಔಷಧಿ ಚೀಟಿ ಮಡಿಸಿದಳು.

“ಮೊದಲೇ ಹೇಳೋದಲ್ವೇನೇ? ಅಣ್ಣ ಬೇಜಾರು ಮಾಡ್ಕೊಂಡ್ರಾ?”

“ಇಲ್ಲ. ಈ ಹುಡುಗಿ ಮುಟ್ಟಿಯಾದ್ರೂ ನೋಡಿದ್ಲು ಅಂದ.”

ಕಿಟಕಿಯಿಂದ ಔಷಧಿ ಬಂತು. ಇಬ್ಬರೂ ವಾರ್ಡಿನ ಕಡೆಗೆ ಹೋದರು.